ಕೈಕೊಟ್ಟದ್ದು

ಕೀಲಿ ತಿರುಗಿಸಿದರೆ ಟಕ್.
ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ಟಕ್.
ಒಳಗೆ ಯಾರೋ ಕೂತು
ಲೊಚಗುಟ್ಟಿದ ಹಾಗೆ.

ಆಜ್ರೂ ಊರಿನ ಮೇಲುಕೇರಿ, ಜನವರಿ,
ಮೂವತ್ತೆಂಟು ವರ್ಷದ ನನ್ನ ರೆನೋ ಕಾರು:
ಒಂದು ಬಾಗಿಲು ಬಿಳಿ, ಮಿಕ್ಕದ್ದೆಲ್ಲ ಹಸಿರು,
ಗೇರಿನ ಸರಳು ಕೊಡೆಯ ಹಿಡಿಯ ಹಾಗೆ
ಎದುರಿನ ಹಲಗೆಯಿಂದ ಮೂತಿ ಚಾಚಿರುತ್ತದೆ.
ನಾನು ಸೂಲಗಿತ್ತಿ. ಹೆರಿಗೆ ನೋವು
ಕಾರಿನ ಮರ್ಜಿ ಕೇಳಿ ಬರುವುದಿಲ್ಲ.

ಮೊದಮೊದಲು ಬಾನೆಟ್ಟು ಎತ್ತಿ
ಸುತ್ತಿಗೆಯ ಹಿಡಿಯಿಂದ ಸ್ಟಾರ್ಟರಿಗೆ ಎರಡು ಸಲ ತಟ್ಟುತ್ತಿದ್ದೆ,
ಹುಟ್ಟಿದ ಕೂಸು ಅಳದಿದ್ದರೆ ಬೆನ್ನಿಗೆ ತಟ್ಟುವಷ್ಟೇ ಮೆತ್ತಗೆ.
ಒಂದಿಷ್ಟು ದಿನ ಅತ್ತಿತು.
ಆಮೇಲೆ ತಟ್ಟಿದರೂ ಇಲ್ಲ, ಬೈದರೂ ಇಲ್ಲ.
ಸ್ಟಾರ್ಟರು ಕೈಕೊಟ್ಟಿತು.

ಆಗ ಕೇರಿ ಕೈ ಕೊಟ್ಟಿತು.

ರೊಟ್ಟಿ ಒಲೆಯ ಬಾಸ್ಸು, ಹಿಟ್ಟು ಮೆತ್ತಿದ ಅಂಗೈಯಲ್ಲೇ;
ಉಣ್ಣೆ ನೂಲುವ ಈಜ್ಜಾ, ಒಂದೇ ಕೈ, ಇನ್ನೊಂದರಲ್ಲಿ ಕದಿರು;
ಶಾಲೆಗೆ ತಡವಾದ ಇಬ್ಬರು ಹುಡುಗರು, ಇನ್ನಷ್ಟು ತಡವಾಗಲೆಂದೇ;
ಮುದುಕ ಮೋಹಾ, ತಳ್ಳುವುದಕ್ಕಿಂತ
"ತಳ್ಳಿ, ತಳ್ಳಿ" ಎನ್ನುವುದೇ ಹೆಚ್ಚು.
ಇಳಿಜಾರಿನ ಅರ್ಧದಲ್ಲಿ, ದೇವದಾರು ಹಲಗೆ ಅಂಗಡಿಯ ಎದುರು
ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟೆನೆಂದರೆ
ಒಂದು ಕೆಮ್ಮು, ಒಂದು ಬೊಗಸೆ ಹೊಗೆ, ಹೊರಟಿತು.
ಹಿಂದಿನಿಂದ ಮೋಹಾ: "ಗಂಡೋ ಹೆಣ್ಣೋ, ಬಂದು ಹೇಳು!"

ಹೇಳಲೇಬೇಕಿತ್ತು. ತಳ್ಳಿದವರ ಹಕ್ಕು ಅದು.

ಯಾವ ಮನೆಯಲ್ಲಿ ಎಷ್ಟು ತಿಂಗಳ ಬಸುರಿ ಎನ್ನುವುದರ ಜೊತೆಗೆ
ಯಾವ ಮನೆಯ ಮುಂದೆ ಇಳುಕಲಿದೆ ಎನ್ನುವುದೂ
ನನಗೆ ಬಾಯಿಪಾಠವಾಯಿತು.
ತಿಮಹದಿತ್ ಕಡೆಯ ಬಯಲಲ್ಲಿ ಇಳುಕಲಿಲ್ಲ.
ಫೆಬ್ರವರಿಯ ರಾತ್ರಿ, ಮೊಣಕಾಲುದ್ದ ಹಿಮ,
ಹಿಂದಿನ ಸೀಟಿನಲ್ಲಿ ಹೆತ್ತವಳು, ನಿಲ್ಲದ ರಕ್ತ.
ಅವಳ ಗಂಡ ಒಬ್ಬನೇ ತಳ್ಳಿದ.
ಜಾರಿ ಬಿದ್ದ. ಎದ್ದ. ತಳ್ಳಿದ.
ನಾನು ಕೀಲಿ ತಿರುಗಿಸುತ್ತಲೇ ಇದ್ದೆ, ಅದರಿಂದ
ಏನೂ ಆಗದೆಂದು ಗೊತ್ತಿದ್ದೂ.

ಅವಳು ಉಳಿದಳು.
ಆ ಟಕ್ ಕೂಡ ಉಳಿಯಿತು, ನನ್ನ ಕಿವಿಯಲ್ಲಿ.

ಮೆಕ್ನೆಸ್ಸಿನ ಗುಜರಿಯಿಂದ, ಹೊಸ ತಂತಿ ಸುತ್ತಿಸಿದ
ಹಳೆಯ ಸ್ಟಾರ್ಟರೊಂದನ್ನು ಟವೆಲಿನಲ್ಲಿ ಸುತ್ತಿ ತಂದೆ.
ಕೂಸು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಸುಮ್ಮನೆ:
ನಾಲ್ಕೂವರೆ ಕಿಲೋ. ತಾಯಿಗೆ ಕಷ್ಟ.

ಬ್ಯಾಟರಿಯ ತಂತಿ ಕಳಚಿ ಅಣ್ಣನ ಮಗ ಝಾಯಿದ್ ಕೆಳಗೆ ತೂರಿದ.
ಎರಡು ಬೋಲ್ಟು ಸಡಿಲಿದವು, ಮೂರನೆಯದು
ಹೊಗೆ ಕೊಳವೆಯ ಹಿಂದೆ, ಕಾಣದು, ಅವನ ದಪ್ಪ ಕೈಗೆ ಎಟುಕದು.
"ಅತ್ತೆ, ಇಂಜಿನ್ನೇ ಇಳಿಸಬೇಕು."
ಸರಿ ಆಚೆ, ಅಂದೆ.
ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡುವುದು
ಇಪ್ಪತ್ತಾರು ವರ್ಷದ ನನ್ನ ಕಸುಬು.
ತೋಳಿಗೆ ಗ್ರೀಸು ಹಚ್ಚಿ ಮೊಣಕೈವರೆಗೆ ಇಳಿಸಿದೆ.
ಸಿಕ್ಕಿತು. ತುಕ್ಕಿನ ತಲೆ. ಅರ್ಧ ಸುತ್ತು. ಕಾದೆ. ಇನ್ನರ್ಧ.
ಎಳೆಯಬಾರದು, ತಾನೇ ಬರಬೇಕು.
ಬಂತು.

ಬಿಚ್ಚಿದರೆ, ಇದ್ದಿಲ ಬ್ರಷ್ಷು ಸವೆದು ಉಗುರಿನಷ್ಟು.
ಎಷ್ಟು ಬೆಳಗುಗಳನ್ನು ತಿರುಗಿಸಿತ್ತೋ, ಪಾಪ.
ಸುಮ್ಮನೆ ಬೈದೆ.

ಮರುದಿನ ನಸುಕಿಗೆ ಕೀಲಿ ತಿರುಗಿಸಿದೆ, ಗರ್‍ರ್ ಅಂತ
ಇಡೀ ಕೇರಿ ಕೇಳುವ ಹಾಗೆ ಹೊತ್ತಿಕೊಂಡಿತು.
ಬಾಗಿಲುಗಳು ತೆರೆದವು.
ಬಾಸ್ಸು ಬಂದ, ನಿಂತ, ಕೈಯ ಹಿಟ್ಟು ಚೊಣ್ಣಕ್ಕೆ ಒರೆಸಿಕೊಂಡ.
ಹುಡುಗರು ಶಾಲೆಗೆ ಹೊತ್ತಿಗೆ ಸರಿಯಾಗಿ ಹೋದರು, ಮುಖ ಇಳಿಬಿಟ್ಟು.
ಮೋಹಾ ಚಾಚಿದ ಅಂಗೈಯ ಕೆಳಗಿನಿಂದ
ಕಾರು ಜಾರಿ ಹೋಯಿತು.
ಗಂಡೋ ಹೆಣ್ಣೋ ಯಾರೂ ಕೂಗಲಿಲ್ಲ.

ಹಿಂದಿನ ಗಾಜಿನ ಧೂಳಿನಲ್ಲಿ ಒಂಬತ್ತು ಅಂಗೈ ಗುರುತು.
ಒಂದು ಬಿಳಿ.

ಸಂಜೆ ಕಾರು ನಿಲ್ಲಿಸಿ, ಇಳಿದು, ನಾನೇ ಹೇಳಿದೆ:
ಹೆಣ್ಣು. ಮೂರು ಕಿಲೋ.
"ತಳ್ಳದೇನೇ ಬಂತಾ?" ಅಂದ ಮೋಹಾ, ಮುನಿದವನ ಹಾಗೆ.

ತಳ್ಳದೆ ಯಾವುದು ಬರುತ್ತೆ ಮಾರಾಯ,
ಅಂದಳು ಈಜ್ಜಾ, ಕದಿರು ನಿಲ್ಲಿಸದೆ.