ಬೀಗದ ಕೈ

ಬಗ್ಗಿ ಬಾ. ಬಾಗಿಲು ಗಿಡ್ಡ, ಬೇಕೆಂದೇ ಗಿಡ್ಡ:
ಕುದುರೆ ಮೇಲೆ ಬಂದವರು ಇಳಿಯಲೆಂದು.
ಹೊಸ್ತಿಲಲ್ಲಿ ಅರ್ಧ ಅಕ್ಷರಗಳಿವೆ ನೋಡು,
ರೋಮಿನ ಯಾವನೋ ಸಿಪಾಯಿಯ ಗೋರಿಗಲ್ಲು.
ತುಳಿ, ತಪ್ಪಿಲ್ಲ. ತುಳಿದೂ ತುಳಿದೂ
ಅವನ ಹೆಸರೀಗ ಬರೀ ನುಣುಪು.

ಕಣ್ಣು ಹೊಂದಿಕೊಳ್ಳಲಿ. ಕಿಟಕಿ ಎರಡೇ,
ಹೊರಗೆ ಅಂಗೈಯಗಲ, ಒಳಬರುತ್ತ ಮೊರದಷ್ಟು.
ಮೂರು ಮೊಳ ದಪ್ಪದ ಗೋಡೆ
ಜನವರಿಯ ಚಳಿಯನ್ನು ಜುಲೈವರೆಗೆ ಕೂಡಿಡುತ್ತದೆ
ಜಿಪುಣನ ಹಾಗೆ.

ಬಲಿಪೀಠ ನೇರಕ್ಕಿಲ್ಲ, ಎಡಕ್ಕೆ ಸೊಟ್ಟ.
ಶಿಲುಬೆಯ ಮೇಲೆ ವಾಲಿದ ತಲೆ ಅದು
ಎನ್ನುತ್ತಿದ್ದರು ಪಾದ್ರಿ ಅನಸ್ತಾಸಿಯೊ.
ನನ್ನಪ್ಪ ಹೇಳಿದ್ದು ಬೇರೆ: ಪಾಯ ತೋಡುವಾಗ
ಬಲಕ್ಕೆ ಒರತೆ ಸಿಕ್ಕಿತು.
ಎರಡೂ ಇರಲಿ. ಆ ಮೂಲೆ ಇಂದಿಗೂ ಬೆವರುತ್ತದೆ.

ಈ ತೀರ್ಥದ ಬೋಗುಣಿ ಕಾಳಿನ ಅಳತೆ,
ಹತ್ತರಲ್ಲೊಂದು ಪಾಲು ವಸೂಲಿಗೆ ಮಾಡಿಸಿದ್ದು.
ನನ್ನಜ್ಜಿ ಅದರಲ್ಲಿ ಬೆರಳದ್ದಿದವಳಲ್ಲ,
"ನಮ್ಮ ಗೋಧಿ ಇನ್ನೂ ತಳದಲ್ಲಿದೆ" ಎನ್ನುತ್ತಿದ್ದಳು.

ಗಂಟೆಯ ಮಾತು ಕೇಳಬೇಡ. ಹಳೆಯದನ್ನು ಯುದ್ಧದವರು ಒಯ್ದರು.
ಈಗಿನದು ಮುಚ್ಚಿಹೋದ ರೈಲು ನಿಲ್ದಾಣದ್ದು,
ಅಂಚಿನಲ್ಲಿ ಕಂಪನಿಯ ಹೆಸರಿದೆ.
ಮದುವೆಗೂ ಅದೇ, ಮಣ್ಣಿಗೂ ಅದೇ;
ಬಾರಿಸಿದರೆ ಮುದುಕರು ಈಗಲೂ ಗಂಟುಮೂಟೆ ತಡಕುತ್ತಾರೆ.
ಮೇಲೆ ಗೂಡು ಕಟ್ಟಿದ ಕೊಕ್ಕರೆ ಮಾತ್ರ ಕದಲುವುದಿಲ್ಲ.

ಈಗ ಇಲ್ಲಿ ಬಾ. ಟಾರ್ಚು ಹಿಡಿ.
ಕಮಾನು ಹೊತ್ತ ಬೋದಿಗೆ ನಾಲ್ಕು:
ಒಂದರಲ್ಲಿ ಕರಡಿ, ಒಂದರಲ್ಲಿ ದ್ರಾಕ್ಷಿ,
ಒಂದರಲ್ಲಿ ಅಂಗಾಲ ಮುಳ್ಳು ಕೀಳುತ್ತ ಕೂತವ.
ನಾಲ್ಕನೆಯದು ಬೋಳು. ಉಳಿ ತಾಗಿಲ್ಲ.

ಫ್ರುವೇಲ ಎನ್ನುತ್ತೇವೆ ಅವನಿಗೆ. ಹೆಸರು ನಾವಿಟ್ಟದ್ದು.
ಅವನದೆಂದು ಉಳಿದದ್ದು ಈ ಗುರುತೊಂದೇ,
ಮುರಿದ ಬಾಚಣಿಗೆಯಂತೆ ಮೂರು ಗೀರು;
ಏಳನೆಯ ವರಸೆತನಕ ಕಲ್ಲುಕಲ್ಲಿಗೂ ಇದೆ,
ಎಂಟರಿಂದ ಬೇರೆಯವರ ಕೈ.
ಯಾತ್ರಿಕರ ಜೊತೆ ಪಡುವಣಕ್ಕೆ ಹೊರಟನಂತೆ,
ಅಲ್ಲಿಯ ಕೆತ್ತನೆ ನೋಡಿ ಬರುತ್ತೇನೆ,
ಬಂದು ಇದನ್ನು ಮುಗಿಸುತ್ತೇನೆ ಎಂದು.
ಒಂಬೈನೂರು ವರ್ಷವಾಯಿತು.
ಸುಣ್ಣ ಬಳಿಯುವವರಿಗೆ ಇವತ್ತಿಗೂ ಹೇಳುತ್ತೇವೆ,
ಅದನ್ನು ಮುಟ್ಟಬೇಡಿ, ಅದು ಅವನ ಕೆಲಸ.

ನಾನು ಆ ಊರು ಕಂಡಿಲ್ಲ.
ಬೀಗದ ಕೈ ಇರುವವರು ಹಾಗೆಲ್ಲ ಹೋಗುವಂತಿಲ್ಲ.
ಹೋಗುವವರಿಗೆ ಹೇಳಿ ಕಳಿಸುತ್ತೇನೆ:
ಮೂರು ಗೀರು, ಎಲ್ಲಾದರೂ ಕಂಡರೆ ಬರೆಯಿರಿ.
ಕಾಗದ ಬಂದದ್ದು ಒಂದೇ ಸಲ, ಪೋಲೆಂಡಿನ ಹುಡುಗನದು:
"ಎದೆಲ್ಮಿರಾ ಅಮ್ಮ, ವಿಪರೀತ ಮಳೆ. ಬಹಳ ಜನ.
ಅತ್ತುಬಿಟ್ಟೆ. ಕಲ್ಲು ನೋಡಲು ಮರೆತೆ."

ಎಲ್ಲಿ, ನಿನ್ನ ಪುಸ್ತಕ ಕೊಡು, ಮುದ್ರೆ ಒತ್ತುತ್ತೇನೆ.
ತಾಳು, ಶಾಯಿ ಒಣಗಿದೆ,
ಸ್ವಲ್ಪ ಉಸಿರು ಊದಬೇಕು.