ಗಿಡ್ಡ ತೋಳು

ಬೆಟಗೇರಿಯ ಮಗ್ಗದ ಓಣಿಯಲ್ಲಿ
ಪೇಟಿ ಮಾಡುವ ಮನೆ ನಮ್ಮದೊಂದೇ.
ಹಗಲು ಬರೀ ಮರಗೆಲಸ.
ರಾತ್ರಿ ಎಂಟಕ್ಕೆ ಮಗ್ಗಗಳು ಸುಮ್ಮನಾದ ಮೇಲೆ
ಅಪ್ಪ ಸ್ವರ ಕೂಡಿಸುತ್ತಿದ್ದ.

ಆಕೆ ಬಂದದ್ದು ಹಗಲಲ್ಲಿ.
ಮಿಶನ್ ದವಾಖಾನೆಯ ನಿವೃತ್ತ ದಾದಿ ಕೃಪಾವತಿ ಸುವಾರ್ತಪ್ಪ,
ಬಿಳಿ ಸೀರೆ, ಗಂಡಸರ ಕೊಡೆ.
‘ನವಿಲು ಬ್ಯಾಡ ಮಾನಪ್ಪ, ತಾವರಿ ಬ್ಯಾಡ.
ನಮ್ಮ ಸಭೆಗೆ ಇದು ಬೇಕು’ ಎಂದು
ಮದುವೆ ಕಾಗದದ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ್ದು ತೆಗೆದಳು:
ನಡುವೆ ಶಿಲುಬೆ, ಮೇಲೊಂದು ಪಾರಿವಾಳ,
ಕುರಿಮರಿ, ಸುತ್ತ ದ್ರಾಕ್ಷಿಯ ಬಳ್ಳಿ.

ಅಪ್ಪ ಕನ್ನಡಕ ಹಣೆಗೇರಿಸಿ ನೋಡಿದ.
ಅವನ ಕೈಗೆ ಗೊತ್ತಿದ್ದ ಬಳ್ಳಿ ಒಂದೇ.
ದ್ರಾಕ್ಷಿಗೊಂಚಲಿನ ಪಕ್ಕ ಸವಣೂರಿನ ಎಲೆ ಚಿಗುರಿತು,
ತೊಟ್ಟು ಮುರಿದು ಸುಣ್ಣ ಹಚ್ಚುವುದೊಂದೇ ಬಾಕಿ.
ಪಾರಿವಾಳಕ್ಕೆ ಹಂಸದ ಕತ್ತು,
ಮೂವತ್ತು ವರ್ಷದ ರೂಢಿ ಬಿಡಬೇಕಲ್ಲ.
ಕುರಿ ಮಾತ್ರ ನಮ್ಮದೇ:
ಉಬ್ಬುಮೂಗು, ಜೋಲುಕಿವಿ,
ಕಪ್ಪತಗುಡ್ಡದ ಕೆಳಗೆ ಮೇದು
ಕಂಬಳಿಗೆ ಉಣ್ಣೆ ಕೊಡುವ ಜಾತಿ.

ಶಿಲುಬೆ ನನ್ನ ಪಾಲಿಗೆ ಬಂತು.
ಹದಿನಾಲ್ಕರ ಸಣ್ಣ ಬೆರಳು, ಕೂದಲೆಳೆಯಂಥ ಗರಗಸ.
ಕೊರೆಯುತ್ತ ತಿಳಿಯಿತು,
ಇದು ಮರದಲ್ಲಿ ಮಾಡುವುದಲ್ಲ,
ಮರ ತೆಗೆದು ಮಾಡುವುದು.
ಎಡಕ್ಕೊಂದು ಗಂಟು ಇತ್ತು. ಗರಗಸ ಹೊರಳಿತು.
ಮುಂದೆ ಒತ್ತಿದರೆ ಹಲಗೆ ಸೀಳೀತು,
ಬಲತೋಳು ತಗ್ಗಿಸೋಣವೆಂದರೆ
ಖಾಲಿಯನ್ನು ಮತ್ತೆ ಮರ ಮಾಡುವ ಉಳಿ
ಯಾವ ಬಡಿಗನ ಬಳಿಯೂ ಇಲ್ಲ.
ಉದುರಿದ ಸಾಗವಾನಿಯ ತುಂಡಿಗೆ
ತಂಗಿ ಚಿಂದಿ ಸುತ್ತಿ ಗೊಂಬೆ ಮಾಡಿಕೊಂಡಳು.
ಅಪ್ಪ ಬೈಯಲಿಲ್ಲ.
ಹಲಗೆಯನ್ನು ಒಲೆಯ ಬದಿಗೆ ಆನಿಸಿಟ್ಟ, ಅಷ್ಟೇ.

ಆಕೆ ಅದನ್ನು ಅಲ್ಲಿಂದಲೇ ಎತ್ತಿಕೊಂಡಳು.
ಗಿಡ್ಡ ತೋಳಿನ ತುದಿಗೆ ಬೆರಳಾಡಿಸಿದಳು,
ಗಾಯ ಮಾಗಿದೆಯೇ ನೋಡುವವರ ಹಾಗೆ.
ನಾನು ಬಾಗಿಲ ಹಿಂದೆ.
‘ಮುರಿದ ಕೈ ಕೂಡುವಾಗ ಕೆಲವು ಹಿಂಗ ಗಿಡ್ಡ ಕೂಡ್ತಾವ,
ಆಮ್ಯಾಲೂ ರೊಟ್ಟಿ ಬಡೀತಾರ, ಕೂಸು ಎತ್ಕೋತಾರ.
ಇರಲಿ, ಇದನ್ನ ಹಚ್ಚು.’
ಅಪ್ಪ ಇಪ್ಪತ್ತು ರೂಪಾಯಿ ಕಡಿಮೆ ಹೇಳಿದ.
ಆಕೆ ಬ್ಯಾಡ ಅನ್ನಲಿಲ್ಲ.

ಮೊನ್ನೆ ಆ ಪೇಟಿ ಆಟೋದಲ್ಲಿ ಮರಳಿತು,
ಸಭೆಯ ಹುಡುಗ ಸುಜ್ಞಾನನ ತೊಡೆಯ ಮೇಲೆ.
‘ಕರಿ ಎರಡು ಮಾತಾಡೂದಿಲ್ಲ ಅಕ್ಕಾ, ಭಾತೆ ಸೋರ್ತದ.’
ಕೃಪಾವತಿ ಅವನಿಗೆ ಬರೀ ಒಂದು ಫೋಟೋ.
ಅಪ್ಪ ಇಲ್ಲ. ಉಳಿ ನನ್ನದು.

ತಿರುಪು ಬಿಚ್ಚಿ ಮೇಲ್ಹಲಗೆ ಎತ್ತಿದೆ.
ಇಲಿಯ ಹಳೇ ಗೂಡು, ಅಂಗಿಯ ಒಂದು ಗುಂಡಿ,
ಯಾವುದೋ ಡಿಸೆಂಬರಿನ ಮೇಣದ ಹನಿ.
ಕೆಳಗೆ ಅಂದು ಅಂಟಿಸಿದ ಕೆಂಪು ಬಟ್ಟೆ,
ಪಕ್ಕದ ಮಗ್ಗದಲ್ಲಿ ಉಳಿದ ಸೀರೆಯ ಚೂರು.
ಮರ ಎತ್ತಿದ ಮೇಲೂ ಶಿಲುಬೆ ಅಲ್ಲೇ ಇತ್ತು!
ಮುಚ್ಚಿದಲ್ಲೆಲ್ಲ ಕೆಂಪು ಕೆಂಪಾಗಿಯೇ ಉಳಿದು
ತೆರೆದಲ್ಲಿ ಮಾತ್ರ ಕಿಟಕಿಯ ಬಿಸಿಲಿಗೆ ಬಿಳಚಿ
ಹಂಸದ ಕತ್ತಿನ ಹಕ್ಕಿ, ಸವಣೂರಿನ ಎಲೆ, ಜೋಲುಕಿವಿ.
ನನ್ನ ಹದಿನಾಲ್ಕರ ತಪ್ಪನ್ನೂ
ಮೂವತ್ತೊಂದು ವರ್ಷ ಕೂತು
ಬಿಸಿಲು ಅರ್ಧ ಬೆರಳೂ ತಿದ್ದದೆ ನಕಲು ಮಾಡಿತ್ತು.

‘ಬಟ್ಟೆ ಹೊಸಾದು ಹಾಕ್ಲೇನೋ?’
‘ಅದಕ್ಕ ರೊಕ್ಕ ಬ್ಯಾರೆ ಏನ್ರೀ?’
ಬ್ಯಾರೆ, ಅಂದೆ. ಅದು ಸುಳ್ಳು.
‘ಹಂಗಾರ ಬಿಡ್ರಿ.’
ಬಿಟ್ಟೆ.

ಓಣಿಯಲ್ಲಿ ಈಗ ಎರಡೇ ಮಗ್ಗ,
ಸಂಜೆ ಆರಕ್ಕೇ ಸುಮ್ಮನಾಗುತ್ತವೆ.
ಆದರೂ ನಾನು ಎಂಟಕ್ಕೇ ಕೂತೆ.
ಕರಿ ಎರಡರ ಪಿತ್ತಳೆ ನಾಲಿಗೆಯನ್ನು ಕೆರೆದು,
ಭಾತೆ ಎಳೆದು, ಒತ್ತಿದೆ.
ಮೊದಲು ಬರೀ ಗಾಳಿ.
ಆಮೇಲೆ ಬಟ್ಟೆ ನಡುಗಿತು,
ಬಿಳಚಿದಲ್ಲಿ.