ಪಿನ್ನು

ಮಂಡಿಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವನಿಗೆ
ಗಿರಾಕಿಯ ಮುಖವೇ ನಿಘಂಟು.
ಪಿನ್ನು ಕೊಡಿ ಅಂದರೆ,
ಮದುಮಗಳ ಅಕ್ಕನಿಗೆ ಸೆರಗಿನದು,
ಚಾದಂಗಡಿ ಹುಡುಗನಿಗೆ ಸ್ಟೌವಿನದು,
ಕಾಲೇಜಿನವನಿಗೆ ಚಾರ್ಜರಿನದು;
ದಪ್ಪ ಪಿನ್ನೋ, ಸಣ್ಣದೋ, ಅದನ್ನು ನಾನೇ ಕೇಳಬೇಕು.
ಪೋಸ್ಟಿನ ರುದ್ರಮುನಿಗೆ ಮಾತ್ರ
ದಾವಣಗೆರೆ ಅಂದರೇನೇ ಪಿನ್ನು:
ಐದು ಏಳು ಏಳು, ಸೊನ್ನೆ ಸೊನ್ನೆ ಒಂದು.

ನಿನ್ನೆ ಮಂಡಕ್ಕಿ ಭಟ್ಟಿಯ ಮಾಬುನ್ನಿ ಬಂದಳು,
ಹುಬ್ಬಿನ ಮೇಲೆ ಇನ್ನೂ ಹೊಟ್ಟಿನ ಬೂದಿ.
ಕಾರ್ಡು ಮುಂದಿಟ್ಟು, ಪಕ್ಕದ ಎಟಿಎಮ್ಮಿನಾಗೆ
ಒಂದೈನೂರು ತೆಗೆದುಕೊಡಪ್ಪಾ ಅಂದಳು.
ಪಿನ್ನು ಬೇಕಲ್ಲಮ್ಮಾ, ಅಂದೆ.
ಬಳೆಗೆ ಸಿಕ್ಕಿಸಿದ್ದನ್ನು ಬಿಚ್ಚಿ
ನನ್ನ ಅಂಗೈಲಿಟ್ಟಳು.
“ತಗಳಪ್ಪಾ, ತುಕ್ಕು ಹಿಡ್ದಿಲ್ಲ.”

ನಗಬಾರದಿತ್ತು. ನಕ್ಕೆ.
ಅವಳೂ ನಕ್ಕಳು. ಆಮೇಲೆ ಎಲೆಅಡಿಕೆ ಸಂಚಿಯ
ಒಳಮಡಿಕೆ ಹೊರಗೆಳೆದಳು:
ಬೀಡಿ ಲೇಬಲ್ಲಿನ ಹಿಂದೆ
ಮೊಮ್ಮಗಳು ಬರೆದ ನಾಲ್ಕು ಅಂಕಿ,
ಬೀಳದ ಹಾಗೆ ಅದಕ್ಕೆ ಚುಚ್ಚಿದ
ಇನ್ನೊಂದು ಪಿನ್ನು.

ಆ ನಾಲ್ಕು ಅಂಕಿ ಮರೆಯಲು
ರಾತ್ರಿಯೆಲ್ಲ ಒದ್ದಾಡಿದೆ.
ಬಳೆಯದು ಗಲ್ಲಾದಲ್ಲೇ ಉಳಿದಿದೆ.
ಬೆಳಿಗ್ಗೆ ಯಾರೋ ಬೆರಳು ತೋರಿಸಿ ಕೇಳಿದರು.
ಅದು ಮಾರೋದಲ್ಲ, ಅಂದೆ.